ಸೆಕೆಂಡ್ ಲೈಫ್‌ನಲ್ಲಿ ದುಡ್ಡು ಕೊಟ್ಟು ತಗೊಂಡ ಕುರ್ಚಿ ಯಾರದ್ದು?

ಸೆಕೆಂಡ್ ಲೈಫ್ ಅಂತ ಒಂದು ಆನ್‌ಲೈನ್ ಲೋಕ ಇದೆ, ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಅನ್ನೋ ಕಂಪನಿ 2003ರಲ್ಲಿ ಶುರು ಮಾಡಿದ್ದು. ಅದನ್ನ ಗೇಮ್ ಅನ್ನೋದು ಕಷ್ಟ, ಯಾಕಂದ್ರೆ ಅಲ್ಲಿ ಗೆಲ್ಲೋದು ಸೋಲೋದು ಏನೂ ಇಲ್ಲ, ಮನೆ, ಬಟ್ಟೆ, ಕೂದಲು, ಕಾರು, ಮರ ಇವನ್ನೆಲ್ಲ ಬಹುಪಾಲು ಅಲ್ಲಿಗೆ ಬರೋ ಜನಾನೇ ಮಾಡಿ ಲಿಂಡೆನ್ ಡಾಲರ್ ಅನ್ನೋ ಅಲ್ಲಿನ ದುಡ್ಡಿಗೆ ಒಬ್ರಿಗೊಬ್ರು ಮಾರ್ಕೋತಾರೆ, ಆ ದುಡ್ಡನ್ನ ಅಮೆರಿಕನ್ ಡಾಲರ್‌ಗೂ ಬದಲಾಯಿಸ್ಕೋಬಹುದು. 2003ರ ನವೆಂಬರ್‌ನಲ್ಲಿ ಕಂಪನಿ ಒಂದು ದೊಡ್ಡ ಘೋಷಣೆ ಮಾಡ್ತು: ನೀವು ಇಲ್ಲಿ ಏನೇ ಮಾಡಿದ್ರೂ ಅದರ ಬೌದ್ಧಿಕ ಹಕ್ಕು ನಿಮ್ಮದೇ. ಆಗಿನ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ, ಬೇರೆ ಆನ್‌ಲೈನ್ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲಾನೂ ಕಂಪನಿಗೇ ಸೇರಿದ್ದು ಅಂತ ಒಪ್ಪಿಕೊಂಡೇ ಒಳಗೆ ಕಾಲಿಡಬೇಕಿತ್ತು.

ಹಕ್ಕು ಕೊಟ್ರು ಸರಿ, ಅದನ್ನ ಜಾರಿ ಮಾಡೋದು ಹೇಗೆ? ಪ್ರತಿ ವಸ್ತುವಿಗೂ ಮೂರು ಪರ್ಮಿಶನ್ ಇಟ್ರು: ಮಾಡಿಫೈ, ಕಾಪಿ, ಟ್ರಾನ್ಸ್‌ಫರ್. ಮಾರೋವಾಗ ಮುಂದಿನ ಓನರ್‌ಗೆ ಇದರಲ್ಲಿ ಯಾವುದು ಅಂತ ಮಾಡಿದವ್ರು ಟಿಕ್ ಹಾಕ್ತಾರೆ. ಒಂದು ಕುರ್ಚಿ ತಗೊಳ್ಳಿ. ಅದು ನೋ ಕಾಪಿ ಆಗಿದ್ರೆ, ಇನ್ವೆಂಟರಿಯಿಂದ (ನಿಮ್ಮ ಹತ್ರ ಇರೋ ವಸ್ತುಗಳ ಪಟ್ಟಿ) ಎಳೆದು ನೆಲದ ಮೇಲೆ ಇಟ್ಟ ತಕ್ಷಣ ಇನ್ವೆಂಟರಿಯಿಂದ ಮಾಯ ಆಗುತ್ತೆ, ವಾಪಸ್ ಎತ್ಕೊಂಡ್ರೆ ಮತ್ತೆ ಅಲ್ಲಿಗೆ ಬರುತ್ತೆ, ಆದ್ರೆ ಬೇರೆಯವ್ರಿಗೆ ಮಾರಬಹುದು, ಗಿಫ್ಟ್ ಕೊಡಬಹುದು. ಕಾಪಿ ಇದ್ದು ನೋ ಟ್ರಾನ್ಸ್‌ಫರ್ ಆಗಿದ್ರೆ ಹಾಲ್ ತುಂಬಾ ಅದೇ ಕುರ್ಚಿ ಹಾಕ್ಕೋಬಹುದು, ಆದ್ರೆ ಇನ್ನೊಬ್ರಿಗೆ ಒಂದೂ ಕೊಡೋಕಾಗಲ್ಲ. ಅಂಗಡಿಯವ್ರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನೇ ಕೊಡೋದು, ಎರಡೂ ಕೊಟ್ಬಿಟ್ರೆ ಮೊದಲ ಗಿರಾಕಿನೇ ನಾಳೆ ಎದುರುಗಡೆ ಅಂಗಡಿ ಹಾಕಬಹುದಲ್ಲ. ನನಗೆ ಈ ವ್ಯವಸ್ಥೆ ಬಹಳ ಇಷ್ಟ, ವಕೀಲರ ಭಾಷೆಯ ಹತ್ತು ಪುಟ ಓದದೇನೆ ಏನು ಸಿಗ್ತಿದೆ ಅಂತ ಕೊಳ್ಳೋರಿಗೆ ಮೊದಲೇ ಗೊತ್ತಾಗುತ್ತೆ.

ಆದ್ರೆ ಇಲ್ಲೊಂದು ವಿಷಯ ಗಮನಿಸ್ಬೇಕು. ನಿಮ್ಮ ಇನ್ವೆಂಟರಿಯಲ್ಲಿ ಕುರ್ಚಿ ಅನ್ನೋ ವಸ್ತು ಎಲ್ಲೂ ಇಲ್ಲ, ಕಂಪನಿ ಸರ್ವರ್‌ನಲ್ಲಿರೋ ಡೇಟಾವನ್ನ ತೋರಿಸೋ ಒಂದು ಐಡಿ ಮತ್ತು ಅದರ ಪಕ್ಕ ಆ ಪರ್ಮಿಶನ್‌ಗಳು, ಅಷ್ಟೇ ಇರೋದು. ನೋ ಕಾಪಿ ಅಂದ್ರೆ ಕಾಪಿ ಮಾಡೋದು ತಾಂತ್ರಿಕವಾಗಿ ಅಸಾಧ್ಯ ಅಂತಲ್ಲ, ಸರ್ವರ್ ಮಾಡೋಕೆ ಒಪ್ಪಲ್ಲ ಅಂತ.

ಹಾಗಾದ್ರೆ ಸರ್ವರ್‌ನ ಕೇಳದೇನೇ ಕಾಪಿ ಮಾಡಿದ್ರೆ? 2006ರ ನವೆಂಬರ್‌ನಲ್ಲಿ ಕಾಪಿಬಾಟ್ ಅನ್ನೋ ಪ್ರೋಗ್ರಾಂ ಹರಡಿ ಆಗಿದ್ದು ಇದೇ. ಆಗ ಅಲ್ಲಿನ ಕುರ್ಚಿ ಅಂದ್ರೆ ಪ್ರಿಮ್ ಅನ್ನೋ ಸರಳ ಆಕಾರಗಳ ಜೋಡಣೆ. ಒಂದು ಡಬ್ಬ, ಅದರ ಉದ್ದ ಅಗಲ ಎಷ್ಟು, ಎಷ್ಟು ತಿರುಚಿದೆ, ಒಳಗೆ ಎಷ್ಟು ಟೊಳ್ಳು, ಯಾವ ಮುಖಕ್ಕೆ ಯಾವ ಟೆಕ್ಸ್ಚರ್ (ಮೇಲೆ ಅಂಟಿಸೋ ಚಿತ್ರ) ಅಂತೆಲ್ಲ ಅಂಕಿಗಳಲ್ಲಿ ಇರುತ್ತೆ, ನಿಮ್ಮ ಸ್ಕ್ರೀನ್ ಮೇಲೆ ಕುರ್ಚಿ ಕಾಣ್ಬೇಕು ಅಂದ್ರೆ ಸರ್ವರ್ ಆ ಅಂಕಿಗಳನ್ನ, ಆ ಚಿತ್ರಗಳನ್ನ ನಿಮ್ಮ ಕಂಪ್ಯೂಟರ್‌ಗೆ ಕಳಿಸಲೇಬೇಕು, ಇದಕ್ಕೆ ಬೇರೆ ದಾರಿನೇ ಇಲ್ಲ. ಕಾಪಿಬಾಟ್ ಆ ಅಂಕಿಗಳನ್ನ ಹಿಡಿದಿಟ್ಕೊಂಡು ಹೊಸದಾಗಿ ಅದೇ ಥರ ಇನ್ನೊಂದು ಕುರ್ಚಿ ಕಟ್ಟಿಬಿಡೋದು, ಸಿಸ್ಟಮ್ ಕಣ್ಣಿಗೆ ಅದು ಹೊಚ್ಚ ಹೊಸ ವಸ್ತು, ಹಾಗಾಗಿ ಕ್ರಿಯೇಟರ್ ಅನ್ನೋ ಜಾಗದಲ್ಲಿ ಕದ್ದವನ ಹೆಸರೇ ಬರೋದು. ವಾರಗಟ್ಟಲೆ ಕೂತು ಟೆಕ್ಸ್ಚರ್ ಬಿಡಿಸಿದವ್ರಿಗೆ ದುಡ್ಡು ಹೋಗಿದ್ದಕ್ಕಿಂತ ಹೆಸರು ಅಳಿಸಿ ಹೋಗೋದೇ ದೊಡ್ಡ ನೋವು ಅಂತ ನನಗನ್ಸುತ್ತೆ. ಎಷ್ಟೋ ಅಂಗಡಿಯವ್ರು ಪ್ರತಿಭಟನೆ ಮಾಡಿ ಬಾಗಿಲು ಹಾಕಿದ್ರು, ಇದನ್ನ ಬಳಸೋದು ನಿಯಮ ಉಲ್ಲಂಘನೆ ಅಂತ ಕಂಪನಿ ಹೇಳ್ತು.

ಇಷ್ಟಾದ್ರೂ ಒಂದನ್ನ ಮಾತ್ರ ಕಾಪಿಬಾಟ್‌ಗೆ ಕದಿಯೋಕೆ ಆಗ್ಲಿಲ್ಲ, ಅದು ಸ್ಕ್ರಿಪ್ಟ್, ಅಂದ್ರೆ ವಸ್ತು ಏನು ಮಾಡ್ಬೇಕು ಅಂತ ಹೇಳೋ ಕೋಡ್. ಮುಟ್ಟಿದ್ರೆ ತೆರೆಯೋ ಬಾಗಿಲು ಅಂತಿಟ್ಕೊಳ್ಳಿ, ತೆರೆಯೋ ಕೋಡ್ ಓಡೋದು ಸರ್ವರ್‌ನಲ್ಲಿ, ನಿಮ್ಮ ಕಂಪ್ಯೂಟರ್‌ಗೆ ಬರೋದು ಬಾಗಿಲು ಈಗ ಇಷ್ಟು ತಿರುಗಿದೆ ಅನ್ನೋ ಫಲಿತಾಂಶ ಮಾತ್ರ. ಹಾಗಾಗಿ ಕದ್ದ ಬಾಗಿಲು ನೋಡೋಕೆ ಅದೇ ಥರ ಇರುತ್ತೆ, ಆದ್ರೆ ಎಷ್ಟು ಮುಟ್ಟಿದ್ರೂ ತೆರೆಯಲ್ಲ. ಕಣ್ಣಿಗೆ ಕಾಣೋದನ್ನ ತಂತ್ರಜ್ಞಾನದಿಂದ ಪೂರ್ತಿ ಕಾಪಾಡೋಕೆ ಆಗಲ್ಲ, ತೆರೆಮರೆಯಲ್ಲಿ ನಡೆಯೋದನ್ನ ಕಾಪಾಡಬಹುದು. ಮಿಕ್ಕಿದ್ದಕ್ಕೆ ಕಾನೂನೇ ಗತಿ. ಅಮೆರಿಕದ 1998ರ ಡಿಎಂಸಿಎ ಅನ್ನೋ ಡಿಜಿಟಲ್ ಕಾಪಿರೈಟ್ ಕಾಯ್ದೆ ಪ್ರಕಾರ ನೋಟಿಸ್ ಕಳಿಸಿ ಕದ್ದ ಮಾಲು ತೆಗೆಸಬಹುದು, ಆದ್ರೆ ಅದಕ್ಕೆ ಸಹಿ, ಸಂಪರ್ಕದ ವಿವರ ಎಲ್ಲ ಕೊಡ್ಬೇಕು, ಅವತಾರ್ (ಅಲ್ಲಿನ ಆನ್‌ಲೈನ್ ರೂಪ) ಹೆಸರಲ್ಲೇ ಬದುಕೋ ಕಲಾವಿದರಿಗೆ ಅದು ಸುಲಭದ ಕೆಲಸ ಅಲ್ಲ.

ಇದೆಲ್ಲ ಮಾಡಿದವರ ಹಕ್ಕಿನ ಕಥೆ ಆಯ್ತು, ಕೊಂಡವ್ರದ್ದು? ಪೆನ್ಸಿಲ್ವೇನಿಯಾದ ವಕೀಲ ಮಾರ್ಕ್ ಬ್ರ್ಯಾಗ್ 2006ರಲ್ಲಿ ಸೆಕೆಂಡ್ ಲೈಫ್‌ನಲ್ಲಿ 300 ಡಾಲರ್‌ಗೆ ಒಂದು ಜಾಗ ತಗೊಂಡ್ರು, ಹರಾಜಿನ ವ್ಯವಸ್ಥೆನ ತಪ್ಪಾಗಿ ಬಳಸ್ಕೊಂಡಿದ್ದಾರೆ ಅಂತ ಕಂಪನಿ ಅವರ ಅಕೌಂಟನ್ನೇ ಮುಚ್ಚಿಬಿಡ್ತು, ಒಳಗಿದ್ದ ಆಸ್ತಿ ಎಲ್ಲಾ ಕೈತಪ್ಪಿತು. ಅವರು ಕೋರ್ಟಿಗೆ ಹೋದ್ರು. ಜಗಳ ಏನಿದ್ರೂ ಮಧ್ಯಸ್ಥಿಕೆಯಲ್ಲೇ ಬಗೆಹರಿಸ್ಕೋಬೇಕು ಅನ್ನೋ ಕಂಪನಿ ಷರತ್ತು ತೀರಾ ಏಕಪಕ್ಷೀಯ, ಜಾರಿ ಮಾಡೋಕಾಗಲ್ಲ ಅಂತ 2007ರ ಮೇನಲ್ಲಿ ನ್ಯಾಯಾಧೀಶ ಎಡುವಾರ್ಡೊ ರೊಬ್ರೆನೊ ಹೇಳಿದ್ರು. ಆಮೇಲೆ ಕೇಸ್ ರಾಜಿ ಆಯ್ತು, ಆ ಜಾಗ ನಿಜಕ್ಕೂ ಆಸ್ತಿನಾ ಅನ್ನೋದು ತೀರ್ಮಾನನೇ ಆಗ್ಲಿಲ್ಲ.

ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ ಇದಕ್ಕಿಂತ ಮುಂದೆ ಹೋಗಿದೆ. 2007ರಲ್ಲಿ ಇಬ್ಬರು ಹುಡುಗರು ಇನ್ನೊಬ್ಬ ಹುಡುಗನ್ನ ಹೊಡೆದು, ಚಾಕು ತೋರಿಸಿ, ರೂನ್‌ಸ್ಕೇಪ್ ಗೇಮ್‌ನಲ್ಲಿ ಅವನ ಹತ್ರ ಇದ್ದ ತಾಯಿತ ಮತ್ತು ಮುಖವಾಡ ಕಿತ್ಕೊಂಡಿದ್ರು. ಅವು ಬರೀ ಡೇಟಾ, ಕದಿಯೋ ವಸ್ತು ಅಲ್ಲ ಅನ್ನೋ ವಾದವನ್ನ 2012ರ ಜನವರಿಯಲ್ಲಿ ಕೋರ್ಟ್ ಒಪ್ಪಲಿಲ್ಲ: ಆ ಹುಡುಗ ಸಮಯ, ಶ್ರಮ ಹಾಕಿ ಗಳಿಸಿದ್ದು, ಅದು ಅವನ ಹಿಡಿತದಲ್ಲಿತ್ತು, ಈಗ ಇಲ್ಲ, ಹಾಗಾಗಿ ಅದು ಕಳ್ಳತನವೇ. ಇದು ಸರಿಯಾದ ತೀರ್ಪು ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಅಂದ್ರೆ ಕೈಯಿಂದ ಕಿತ್ಕೊಂಡಾಗ ಆಸ್ತಿ ಕಳ್ಳತನ, ನಕಲು ಮಾಡಿದಾಗ ಕಾಪಿರೈಟ್ ಉಲ್ಲಂಘನೆ, ಎರಡೂ ಬೇರೆ ಬೇರೆ.

ಇನ್ನು ಕಂಪನಿನೇ ಸರ್ವರ್ ಬಂದ್ ಮಾಡಿದ್ರೆ ಈ ಎರಡು ಕಾನೂನೂ ನಮ್ಮ ಕುರ್ಚಿ ವಾಪಸ್ ತಂದ್ಕೊಡಲ್ಲ. ಸೆಕೆಂಡ್ ಲೈಫ್‌ನಲ್ಲಿ ಪೂರ್ತಿ ನೀವೇ ಮಾಡಿದ ವಸ್ತುವನ್ನ ಕೆಲವು ವ್ಯೂವರ್‌ಗಳಲ್ಲಿ (ಆ ಲೋಕದೊಳಗೆ ಹೋಗೋಕೆ ಬಳಸೋ ಪ್ರೋಗ್ರಾಂ) ನಿಮ್ಮ ಕಂಪ್ಯೂಟರ್‌ಗೆ ಎಕ್ಸ್‌ಪೋರ್ಟ್ ಮಾಡ್ಕೋಬಹುದು, ದುಡ್ಡು ಕೊಟ್ಟು ತಗೊಂಡಿದ್ದಕ್ಕೆ ಸಾಮಾನ್ಯವಾಗಿ ಆ ಅವಕಾಶ ಇಲ್ಲ, ಕಳ್ಳರ ಕಾಟ ನೋಡಿದ್ರೆ ಕಾರಣ ಅರ್ಥ ಆಗುತ್ತೆ. ಆದ್ರೂ ಲೋಕವೇ ಮುಚ್ಚೋ ದಿನಕ್ಕಾದ್ರೂ ಕೊಂಡವ್ರಿಗೆ ಒಂದು ಸ್ವಂತ ಕಾಪಿ ಇಟ್ಕೊಳ್ಳೋ ಹಕ್ಕು ಒಪ್ಪಂದದಲ್ಲೇ ಬರೆದಿರ್ಬೇಕು, ಮತ್ತು ಆ ಕಾಪಿಯಲ್ಲಿ ಮಾಡಿದವರ ಹೆಸರು ಹಾಗೇ ಉಳೀಬೇಕು.