ಬುಡ ಯಾವುದು, ತುದಿ ಯಾವುದು?

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಾನು ಪಾರ್ಲರ್ ತೆರೆದಾಗ ಜೋಡಿಸುವ ಕೂದಲು ಎಂದರೆ ನಮ್ಮವರಿಗೆ ಚೌರಿ, ಪಕ್ಕದ ಮನೆಯ ಮರಾಠಿ ಹೆಂಗಸರಿಗೆ ಗಂಗಾವನ. ಮದುಮಗಳಿಗೆ ಮೊಗ್ಗಿನ ಜಡೆ ಹಾಕುವ ದಿನ ಮಾತ್ರ ಅದು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಈಗ ಕಾಲೇಜು ಹುಡುಗಿ, ಬ್ಯಾಂಕ್ ಉದ್ಯೋಗಿ, ಹೆರಿಗೆಯ ನಂತರ ಕೂದಲು ಉದುರಿ ಕಂಗಾಲಾದ ತಾಯಿ, ಎಲ್ಲರೂ ಎಕ್ಸ್‌ಟೆನ್ಷನ್ ಕೇಳಿಕೊಂಡು ಬರುತ್ತಾರೆ. ನನ್ನಲ್ಲಿ ಕಲಿತು ಮುಲುಂಡ್, ಥಾಣೆಗಳಲ್ಲಿ ಸ್ವಂತ ಪಾರ್ಲರ್ ಇಟ್ಟುಕೊಂಡ ಹೆಣ್ಣುಮಕ್ಕಳು ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಸಗಟಿನಲ್ಲಿ ಎಲ್ಲಿ ಅಗ್ಗ?" ನಾನು ತಿರುಗಿ ಕೇಳುವುದು ಒಂದೇ: "ಆ ಕಟ್ಟಿನಲ್ಲಿ ಬುಡ ಯಾವುದು, ತುದಿ ಯಾವುದು ಎಂದು ನೋಡಿದೆಯಾ?"

ಕೂದಲಿನ ಎಳೆಯ ಮೇಲೆ ಬರಿಗಣ್ಣಿಗೆ ಕಾಣದ ಪದರಗಳಿವೆ. ಊರ ಮನೆಯ ಮಂಗಳೂರು ಹಂಚಿನಂತೆ ಅವು ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಎಲ್ಲ ಎಳೆಗಳೂ ಒಂದೇ ದಿಕ್ಕಿಗಿದ್ದರೆ ಜಾರಿಕೊಂಡು ಹೋಗುತ್ತವೆ. ಅರ್ಧದಷ್ಟು ತಲೆಕೆಳಗಾಗಿದ್ದರೆ ಅಂಚಿಗೆ ಅಂಚು ಕಚ್ಚಿ ಸಿಕ್ಕುಗಟ್ಟುತ್ತವೆ. ದಿಕ್ಕು ಕೆಡದ ಕೂದಲಿಗೆ ವ್ಯಾಪಾರದಲ್ಲಿ ರೆಮಿ ಎಂಬ ಹೆಸರು. ಆ ಹೆಸರನ್ನು ಪೊಟ್ಟಣದ ಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ನಂಬಬೇಕಾದದ್ದು ಬೆರಳನ್ನು.

ದಿಕ್ಕು ಉಳಿಯುವುದೂ ಕೆಡುವುದೂ ಕೂದಲು ತಲೆಯಿಂದ ಬೇರೆಯಾದ ಗಳಿಗೆಯಲ್ಲೇ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಟ್ಟ ಉದ್ದ ಕೂದಲಿಗೆ ಬುಡ ಒಂದು ಕಡೆ, ತುದಿ ಒಂದು ಕಡೆ. ದೇವಸ್ಥಾನ ಅದನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಇ-ಹರಾಜಿನಲ್ಲಿ ಮಾರುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಅರ್ಧ ಇಂಚು. ನಿಮ್ಮ ಕೈಯಲ್ಲಿರುವ 20 ಇಂಚಿನ ಎಳೆ ಯಾರದೋ ಮೂರು ವರ್ಷಕ್ಕೂ ಮೀರಿದ ಬೆಳೆ, ಯಾರದೋ ಹರಕೆ. ಅದನ್ನು ಮುಟ್ಟುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನೊಂದು, ಬಾಚಣಿಗೆಯಲ್ಲಿ ಉಳಿದ ಕೂದಲು. ಉಂಡೆ ಕಟ್ಟಿಟ್ಟಿದ್ದನ್ನು ಪಿನ್ನು, ಪಾತ್ರೆ ಕೊಟ್ಟು ಊರೂರು ತಿರುಗುವವರು ಒಯ್ಯುತ್ತಾರೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲಿನ ಸಿಕ್ಕು ಬಿಡಿಸುವುದೇ ಎಷ್ಟೋ ಮನೆಗಳ ಅನ್ನ. ಆ ಹೆಂಗಸರ ಬೆರಳುಗಳಿಗೆ ಕೈಮುಗಿಯಬೇಕು. ಆದರೆ ಉಂಡೆಯೊಳಗೆ ಬುಡವೂ ತುದಿಯೂ ಬೆರೆತುಹೋಗಿರುತ್ತವೆ. ಇಂಥದ್ದನ್ನು ಕೆಲವು ಕಾರ್ಖಾನೆಗಳು ಆಮ್ಲದಲ್ಲಿ ಅದ್ದಿ ಮೇಲಿನ ಪದರವನ್ನೇ ಕಳಚಿ, ಸಿಲಿಕೋನ್ ಲೇಪಿಸಿ ಹೊಳಪು ತರುತ್ತವೆ. ಅಂಗಡಿಯಲ್ಲಿ ಅದು ರೇಷ್ಮೆಯಂತಿರುತ್ತದೆ.

ಆ ರೇಷ್ಮೆಗೆ ನಾನು ಮರುಳಾದೆ. ದಕ್ಷಿಣ ಮುಂಬಯಿಯ ಒಬ್ಬ ಸಗಟು ವ್ಯಾಪಾರಿಯಿಂದ ಒಂದೇ ಸಲಕ್ಕೆ 3 ಕಿಲೋ ತಂದು, ಅದರಲ್ಲೇ ಒಬ್ಬ ಮದುಮಗಳಿಗೆ ಜೋಡಿಸಿದೆ. ಮೂರನೆಯ ಸ್ನಾನಕ್ಕೆ ಲೇಪ ತೊಳೆದುಹೋಯಿತು. ಹದಿನೈದು ದಿನದಲ್ಲಿ ಹುಡುಗಿ ತಲೆಯ ಮೇಲೆ ದುಪಟ್ಟಾ ಹೊದ್ದು ಬಂದಳು. ಕುತ್ತಿಗೆಯ ಬಳಿ ತೆಂಗಿನ ನಾರಿನ ಮುದ್ದೆ. ಅವಳ ಸ್ವಂತ ಕೂದಲು ತುಂಡಾಗದಂತೆ ಎರಡು ಗಂಟೆ ಕೂತು ಬಿಡಿಸಿದೆ. ಹಣ ಹಿಂದಿರುಗಿಸಿದೆ. ಮದುವೆಯ ಹೊಸತರಲ್ಲಿ ಅವಳು ಪಟ್ಟ ನಾಚಿಕೆಯನ್ನು ಹಿಂದಿರುಗಿಸುವ ದಾರಿ ಇರಲಿಲ್ಲ.

ಅಂದಿನಿಂದ ಒಂದು ಕಟ್ಟು ಮಾದರಿ ತರಿಸದೆ, ದುಡ್ಡು ಕೊಟ್ಟೇ ತರಿಸದೆ, ನಾನು ದೊಡ್ಡ ಆರ್ಡರ್ ಕೊಟ್ಟಿಲ್ಲ. ಬಂದ ಕೂಡಲೇ ಎರಡು ಎಳೆ ಸುಡುತ್ತೇನೆ. ನಿಜವಾದ ಕೂದಲು ಸುಟ್ಟ ಗರಿಯ ವಾಸನೆ ಬಿಟ್ಟು ಬೂದಿಯಾಗುತ್ತದೆ, ಸಿಂಥೆಟಿಕ್ ಕರಗಿ ಮಣಿಯಾಗುತ್ತದೆ. ಇದು ಗೊತ್ತಿರುವವರು ಬಹಳ ಜನ, ಇಷ್ಟಕ್ಕೇ ನಿಲ್ಲಿಸುವವರೂ ಅಷ್ಟೇ ಜನ. ಕಸದ ಕೂದಲೂ ಗರಿಯಂತೆಯೇ ಸುಡುತ್ತದಲ್ಲ! ಹಾಗಾಗಿ ನಿಜವಾದ ಪರೀಕ್ಷೆ ತೊಳೆಯುವುದು. ಲೇಪವನ್ನು ಕೀಳುವಂಥ ಕ್ಲಾರಿಫೈಯಿಂಗ್ ಶಾಂಪೂ ಹಾಕಿ, ಕಂಡೀಷನರ್ ಮುಟ್ಟಿಸದೆ, ಎರಡು ವಾರದಲ್ಲಿ ಆರು ಸಲ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಆಮೇಲೆ ಎಳೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಬೇಕು, ನುಣುಪು. ತುದಿಯಿಂದ ಬುಡಕ್ಕೆ ಎಳೆಯಬೇಕು, ಸಣ್ಣ ತಡೆ. ಎರಡೂ ಕಡೆ ನುಣುಪಾಗಿದ್ದರೆ ಪದರ ಉಳಿದಿಲ್ಲ ಎಂದು ತಿಳಿಯಿರಿ. ತೊಳೆದ ನೀರು ಕಪ್ಪಾದರೆ ಬಣ್ಣ ಹಾಕಿದ್ದಾರೆ. ಅಲ್ಲೊಂದು ಇಲ್ಲೊಂದು ನರೆಗೂದಲು ಕಂಡರೆ ಗಾಬರಿಯಾಗಬೇಡಿ, ನನಗಂತೂ ಅದನ್ನು ಕಂಡರೆ ಸಮಾಧಾನ.

ಸಗಟು ಲೆಕ್ಕ ನಡೆಯುವುದು ಗ್ರಾಂನಲ್ಲಿ, ಮೋಸವೂ ಅಲ್ಲೇ. 100 ಗ್ರಾಂ ಎಂದ ಕಟ್ಟನ್ನು ತೊಳೆದು, ಪೂರ್ತಿ ಒಣಗಿಸಿ ಮತ್ತೆ ತೂಗಿ. ಎಣ್ಣೆ, ಲೇಪ, ತೇವ ಹೋದ ಮೇಲೆ ಉಳಿದಷ್ಟೇ ನೀವು ಕೊಂಡ ಕೂದಲು. ಬೆಲೆಯನ್ನು ಅದರಿಂದ ಭಾಗಿಸಿ. ಉದ್ದವನ್ನೂ ಹಾಗೆಯೇ ನೋಡಬೇಕು. ಸಿಂಗಲ್ ಡ್ರಾನ್ ಕಟ್ಟಿನಲ್ಲಿ ಗಿಡ್ಡ ಎಳೆಗಳೂ ಸೇರಿರುವುದರಿಂದ ತುದಿ ಇಲಿಬಾಲದಂತೆ ಸಣ್ಣಗಾಗುತ್ತದೆ. ಡಬಲ್ ಡ್ರಾನ್‌ನಲ್ಲಿ ಗಿಡ್ಡವನ್ನು ಆರಿಸಿ ತೆಗೆದಿರುತ್ತಾರೆ, ಬೆಲೆ ಏರುವುದು ಅದಕ್ಕೇ.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೋಕಲ್ ರೈಲಿನಲ್ಲಿ ಬೆವರಿಳಿಯುವ ಕುತ್ತಿಗೆಯ ಬಳಿಯೇ ಮೊದಲ ಸಿಕ್ಕು. ಕರಾವಳಿಯ ಹೆಂಗಸರು ಶನಿವಾರದ ತೆಂಗಿನೆಣ್ಣೆ ಬಿಡುವುದಿಲ್ಲ; ಟೇಪಿನಿಂದ ಬುಡಕ್ಕೆ ಅಂಟಿಸುವ ಎಕ್ಸ್‌ಟೆನ್ಷನ್‌ನ ಅಂಟಿಗೆ ಎಣ್ಣೆ ಆಗದು, ಜಾರಿ ಬರುತ್ತದೆ. ಅಂಥವರಿಗೆ ಕ್ಲಿಪ್ ಮಾದರಿಯೇ ಸರಿ. ಹಾಗಾಗಿ ಟೇಪು ಅಗ್ಗವಾಗಿ ಸಿಕ್ಕಿತೆಂದು ಕಪಾಟು ತುಂಬಿಸಬೇಡಿ. ಮಳೆಗಾಲಕ್ಕೆ ಮುಂಚೆಯಂತೂ ಯಾವ ದಾಸ್ತಾನೂ ಬೇಡ, ಬೂಷ್ಟು ಹಿಡಿಯುತ್ತದೆ.

ದೇವಸ್ಥಾನದ ಕೂದಲು ಎಂದು ಮಾತಿನಲ್ಲಿ ಹೇಳಿ ಬಿಲ್ಲಿನಲ್ಲಿ ಬರೆಯದವರಿಂದ ಕೊಳ್ಳಬೇಡಿ. ಹೊರದೇಶಗಳಲ್ಲಿ ನಮ್ಮ ಕಚ್ಚಾ ಕೂದಲಿಗೆ ಎಷ್ಟು ಬೇಡಿಕೆ ಎಂದರೆ 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದರ ರಫ್ತಿನ ಮೇಲೆ ನಿರ್ಬಂಧವನ್ನೇ ಹೇರಿತು. ಅಂಥ ಸರಕು ಕಸದ ಬೆಲೆಗೆ ನಿಮ್ಮ ಬಾಗಿಲಿಗೆ ಹೇಗೆ ಬಂತು ಎಂದು ಕೇಳಿ. ಒಂದೇ ಲಾಟಿನ ಸರಕನ್ನೇ ತೆಗೆದುಕೊಳ್ಳಿ, ನಾಲ್ಕು ಎಳೆಗಳನ್ನು ತಾರೀಖಿನ ಜೊತೆ ನೋಟ್‌ಬುಕ್ಕಿಗೆ ಅಂಟಿಸಿಡಿ. ಮುಂದಿನ ಸಲ ಬಣ್ಣ ಬೇರೆಯಾಗಿ ಬಂದರೆ ವಾದಕ್ಕೆ ಫೋಟೋ ಸಾಲದು, ಎಳೆಯೇ ಬೇಕು.

ಈಗಲೂ ನನ್ನ ಬೇಸಿನ್ನಿನ ಪಕ್ಕ ಹೊಸ ವ್ಯಾಪಾರಿಯೊಬ್ಬರ 18 ಇಂಚಿನ ಕಟ್ಟು ಒಣಗುತ್ತಿದೆ. ನಿನ್ನೆ ಅವರ ಫೋನ್ ಬಂದಿತ್ತು, ಈ ವಾರದೊಳಗೆ ಆರ್ಡರ್ ಕೊಟ್ಟರೆ ರಿಯಾಯಿತಿಯಂತೆ. ಇನ್ನೂ ಎರಡು ಸಲ ತೊಳೆಯುವುದಿದೆ ಎಂದೆ.