ಬಡವರ ಗೆರೆ ಎಲ್ಲಿದೆ? ಯಾವ ಕೌಂಟರ್‌ನಲ್ಲಿ ಕೇಳ್ತೀರಿ, ಮೊದಲು ಅದು ಹೇಳಿ

ಜುಲೈ ತಿಂಗಳು ಬಂತೆಂದರೆ ನಮ್ಮಂಥ ಆಡಿಟರ್‌ಗಳ ಆಫೀಸಿನಲ್ಲಿ ರಿಟರ್ನ್ಸ್ ಹಾಕಿಸುವವರ ಸಾಲು. ಆಗ ತೆರಿಗೆಗಿಂತ ಜಾಸ್ತಿ ಕೇಳಿಬರುವ ಪ್ರಶ್ನೆ ಇದು: "ಸಾರ್, ರಿಟರ್ನ್ಸ್ ಹಾಕಿದ್ರೆ ನಮ್ಮ ಬಿಪಿಎಲ್ ಕಾರ್ಡ್ ಹೋಗಲ್ಲ ತಾನೇ?"

ಕೇಳುವವರು ಟೈಲರ್‌ಗಳು, ಬೇಕರಿ ಇಟ್ಟವರು, ಗೂಡ್ಸ್ ಆಟೋ ಓಡಿಸುವವರು. ಸಾಲಕ್ಕೆ ಹೋದರೆ ಬ್ಯಾಂಕಿನವರು ಎರಡು ಮೂರು ವರ್ಷದ ರಿಟರ್ನ್ಸ್ ತನ್ನಿ ಅಂತಾರೆ. ಅದರಲ್ಲಿ ಆದಾಯ ಚೆನ್ನಾಗಿ ಕಂಡರೆ ಸಾಲ ಸಿಗುತ್ತದೆ, ಕಾರ್ಡಿಗೆ ಕುತ್ತು. ಕಡಿಮೆ ಕಂಡರೆ ಕಾರ್ಡ್ ಉಳಿಯುತ್ತದೆ, ಸಾಲ ಇಲ್ಲ. ಬ್ಯಾಂಕಿನ ಕಣ್ಣಿಗೆ ಸ್ವಲ್ಪ ಸಾಹುಕಾರ, ಆಹಾರ ಇಲಾಖೆಯ ಕಣ್ಣಿಗೆ ಬಡವ. ಎರಡೂ ಆಗಬೇಕು ಅಂದರೆ ಹೇಗೆ?

ಒಂದು ಕುಟುಂಬ ತಗೊಳ್ಳೋಣ. ಗಂಡನಿಗೆ ಖಾಸಗಿ ಕಂಪನಿಯಲ್ಲಿ ಕೆಲಸ, ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಓದುವ ಮಕ್ಕಳಿಬ್ಬರು. ಎಲ್ಲ ಸೇರಿ ವರ್ಷಕ್ಕೆ 6 ಲಕ್ಷ. ಇವರು ಬಡವರಾ?

ರೇಷನ್ ಕಾರ್ಡ್ ಕೌಂಟರ್‌ನಲ್ಲಿ ಕೇಳಿದರೆ ಖಂಡಿತ ಅಲ್ಲ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷದೊಳಗೆ ಇರಬೇಕು. ಅದೇ ಕುಟುಂಬ ಯಾವ ಮೀಸಲಾತಿಯೂ ಇಲ್ಲದ ಜಾತಿಗೆ ಸೇರಿದ್ದು, ಮಗಳಿಗೆ ಕೇಂದ್ರ ಸರ್ಕಾರದ ಇಡಬ್ಲ್ಯುಎಸ್ ಮೀಸಲಾತಿ ಕೇಳಿದರೆ, ಹೌದು, ಇವರು ಆರ್ಥಿಕವಾಗಿ ದುರ್ಬಲರು. ಅಲ್ಲಿ ಮಿತಿ 8 ಲಕ್ಷ. ಇನ್ನು ಆದಾಯ ತೆರಿಗೆಗೆ ಬನ್ನಿ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಸೊನ್ನೆ, ಸಂಬಳದವರಿಗೆ 12.75 ಲಕ್ಷದವರೆಗೆ. ಆ ಕೌಂಟರ್‌ನಲ್ಲಿ ಇವರ ಹತ್ತಿರ ಕಸಿಯುವುದಕ್ಕೆ ಏನೂ ಇಲ್ಲ.

ಒಂದೇ ಮನೆ, ಒಂದೇ ದುಡ್ಡು, ಮೂರು ಉತ್ತರ. ಇದನ್ನು ನೋಡಿ ನಗಬಹುದು. ಆದರೆ ಪ್ರತಿ ಗೆರೆಯ ಹಿಂದೆ ಬೇರೆ ಬೇರೆ ಖಜಾನೆಯ ಲೆಕ್ಕ ಇರುತ್ತದೆ. ಎಷ್ಟು ಜನಕ್ಕೆ ಅಕ್ಕಿ ಕೊಡಲು ಸಾಧ್ಯ, ಎಷ್ಟು ಜನರನ್ನು ತೆರಿಗೆಯಿಂದ ಬಿಡಲು ಸಾಧ್ಯ ಅಂತ ಮೊದಲು ನೋಡುತ್ತಾರೆ. ಗೆರೆ ಬೀಳುವುದು ಆಮೇಲೆ. ಹಾಗಾಗಿ ಗೆರೆ ಎಲ್ಲಿದೆ ಅನ್ನುವುದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಗೆರೆ ದಾಟಿದವನಿಗೆ ಮರುದಿನ ಏನಾಗುತ್ತದೆ, ನನ್ನ ತಕರಾರು ಅಲ್ಲಿ.

ಮೊದಲು 1.2 ಲಕ್ಷವನ್ನೇ ಹತ್ತಿರದಿಂದ ನೋಡಿ. ತಿಂಗಳಿಗೆ 10 ಸಾವಿರ. ಮನೆಯಲ್ಲಿ ನಾಲ್ಕು ಜನ ಇದ್ದರೆ ತಲೆಗೆ 2,500, ದಿನಕ್ಕೆ 83 ರೂಪಾಯಿ. ನಮ್ಮ ರಾಜ್ಯದಲ್ಲಿ ಹೆಚ್ಚಿನ ಕೆಲಸಗಳಿಗೆ ಕಾನೂನು ಹೇಳುವ ಕನಿಷ್ಠ ವೇತನವೇ ತಿಂಗಳಿಗೆ 10 ಸಾವಿರ ದಾಟಿದೆ. ಅಂದರೆ ಮಾಲೀಕ ಕಾನೂನು ಪ್ರಕಾರ ಸಂಬಳ ಕೊಟ್ಟರೆ ಕೆಲಸಗಾರ ಬಡವನಲ್ಲ! 2023-24ರ ಕೇಂದ್ರದ ಗೃಹ ಬಳಕೆ ವೆಚ್ಚದ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ ಸರಾಸರಿ ಖರ್ಚು ತಲೆಗೆ ತಿಂಗಳಿಗೆ 4,122 ರೂಪಾಯಿ. ನಾಲ್ವರ ಮನೆಗೆ ವರ್ಷಕ್ಕೆ ಹತ್ತಿರ ಹತ್ತಿರ 2 ಲಕ್ಷ. ಹಳ್ಳಿಯ ಸರಾಸರಿ ಸಂಸಾರದ ಖರ್ಚೇ ನಮ್ಮ ಗೆರೆಗಿಂತ ಎಷ್ಟೋ ಮೇಲೆ.

ಇನ್ನೊಂದು ವಿಚಿತ್ರ. ಮಿತಿ ಇರುವುದು ಕುಟುಂಬಕ್ಕೆ, ತಲೆಗಲ್ಲ. ಇಬ್ಬರಿರುವ ಮನೆಗೂ 1.2 ಲಕ್ಷ, ಏಳು ಜನ ಇರುವ ಮನೆಗೂ ಅಷ್ಟೇ. ಹಾಗಾಗಿಯೇ ಮನೆ ಒಂದೇ ಇದ್ದರೂ ಕಾಗದದ ಮೇಲೆ ಅಣ್ಣ ಬೇರೆ, ತಮ್ಮ ಬೇರೆ, ಅವ್ವ ಬೇರೆ. ಜನ ಕಳ್ಳರು ಅಂತ ಬೈಯುವುದು ಸುಲಭ. ಅಂಥ ಗೆರೆ ಎಳೆದವರನ್ನೂ ಒಂದು ಮಾತು ಕೇಳಬೇಕು, ಅಲ್ವಾ?

ಅಂಗಡಿಯವರ ಕಥೆ ಇನ್ನೂ ಸೂಕ್ಷ್ಮ. ಸಣ್ಣ ವ್ಯಾಪಾರಿಗಳು ಲೆಕ್ಕದ ಪುಸ್ತಕ ಇಡದೆ, ವಹಿವಾಟಿನ ಒಂದು ಪಾಲನ್ನು ಲಾಭ ಅಂತ ತೋರಿಸಿ ರಿಟರ್ನ್ಸ್ ಹಾಕಲು ಅವಕಾಶ ಇದೆ. ನಗದು ವ್ಯಾಪಾರಕ್ಕೆ ಕನಿಷ್ಠ ಶೇ 8, ಫೋನ್‌ಪೇ, ಗೂಗಲ್ ಪೇ ತರದ ಡಿಜಿಟಲ್ ವ್ಯಾಪಾರಕ್ಕೆ ಕನಿಷ್ಠ ಶೇ 6. ವರ್ಷಕ್ಕೆ 20 ಲಕ್ಷ ವ್ಯಾಪಾರ, ಎಲ್ಲವೂ ಯುಪಿಐನಲ್ಲಿ ಅಂತ ಇಟ್ಟುಕೊಳ್ಳಿ. ಶೇ 6 ಅಂದರೆ ಸರಿಯಾಗಿ 1.2 ಲಕ್ಷ. 20 ಲಕ್ಷ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 5,500 ರೂಪಾಯಿ ಗಲ್ಲಾ ಅಷ್ಟೇ. ಬಸ್ ಸ್ಟ್ಯಾಂಡ್ ಪಕ್ಕದ ಟೀ, ಬನ್ನು, ಬಿಸ್ಕತ್ತಿನ ಅಂಗಡಿಗೆ ಅದು ದೊಡ್ಡ ಮಾತೇನಲ್ಲ. ಅಲ್ಲಿಂದ ಒಂದು ರೂಪಾಯಿ ಮೇಲೆ ಹೋದರೂ ಕಾಗದದಲ್ಲಿ ಆತ ಬಡವನಲ್ಲ.

2025ರ ಜುಲೈನಲ್ಲಿ ಏನಾಯಿತು ನೆನಪಿದೆಯಾ? ಯುಪಿಐ ಜಮೆಯ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಇಳಿಸಿ 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ. ಅದು ವಹಿವಾಟಿನ ಮಿತಿ, ಲಾಭದ್ದಲ್ಲ. ಕಾನೂನಿನ ದೃಷ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಜಿಎಸ್‌ಟಿ ರಿಟರ್ನ್ಸ್ ಹಾಕುವವರ ಮನೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದಿಲ್ಲ. ನೂರು ರೂಪಾಯಿ ಮಾಲು ಮಾರಿ ಐದು ರೂಪಾಯಿ ಉಳಿಸುವವನನ್ನೂ, ಅದೇ ನೂರರಲ್ಲಿ ನಲವತ್ತು ಉಳಿಸುವವನನ್ನೂ ಒಂದೇ ಗೆರೆ ಅಳೆಯುತ್ತದೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಆದಾಯ ತೆರಿಗೆಯಲ್ಲಿ ಮಾರ್ಜಿನಲ್ ರಿಲೀಫ್ ಅಂತ ಒಂದಿದೆ. ಒಬ್ಬರ ತೆರಿಗೆ ಲೆಕ್ಕದ ಆದಾಯ 12 ಲಕ್ಷದ 10 ಸಾವಿರ ಅನ್ನಿ. ಸ್ಲ್ಯಾಬ್ ಪ್ರಕಾರ ತೆರಿಗೆ 61,500. ಬರೀ 10 ಸಾವಿರ ಹೆಚ್ಚು ದುಡಿದಿದ್ದಕ್ಕೆ ಅರವತ್ತು ಸಾವಿರ ಕೊಡಿ ಅನ್ನುವುದು ಅನ್ಯಾಯ ಅಂತ ಸರ್ಕಾರಕ್ಕೇ ಗೊತ್ತು. ಅದಕ್ಕೇ ಗೆರೆ ದಾಟಿ ಬಂದ ಹಣಕ್ಕಿಂತ ತೆರಿಗೆ ಜಾಸ್ತಿ ಆಗಬಾರದು ಅಂತ ನಿಯಮ ಮಾಡಿದ್ದಾರೆ. ಅವರು ಕಟ್ಟುವುದು 10 ಸಾವಿರ, ಸೆಸ್ ಬೇರೆ. ಈ ರಿಯಾಯಿತಿ ಸುಮಾರು 12.70 ಲಕ್ಷದವರೆಗೆ ಸಿಗುತ್ತದೆ. 50 ಲಕ್ಷ ದಾಟಿದವರಿಗೆ ಸರ್ಚಾರ್ಜ್, ಅಂದರೆ ತೆರಿಗೆಯ ಮೇಲೆ ಇನ್ನಷ್ಟು ತೆರಿಗೆ, ಬೀಳುತ್ತದಲ್ಲ, ಅಲ್ಲೂ ಇದೇ ರಿಯಾಯಿತಿ ಇದೆ, ಒಂದು ಕೋಟಿ ದಾಟಿದವರಿಗೂ ಇದೆ.

1.2 ಲಕ್ಷ ದಾಟಿದವನಿಗೆ? ಇಲ್ಲ. ಅವನ ಆದಾಯ 1.25 ಲಕ್ಷ ಆಯಿತು ಅನ್ನಿ. ಹೆಚ್ಚಿಗೆ ಬಂದಿದ್ದು 5 ಸಾವಿರ. ಕೇಂದ್ರದ ಪಾಲಿನ ಅಕ್ಕಿಯನ್ನಷ್ಟೇ ಲೆಕ್ಕ ಹಾಕಿ: ತಲೆಗೆ 5 ಕಿಲೋ, ನಾಲ್ವರಿಗೆ ತಿಂಗಳಿಗೆ 20 ಕಿಲೋ. ಅಂಗಡಿಯಲ್ಲಿ ಕಿಲೋಗೆ 40 ರೂಪಾಯಿ ಹಿಡಿದರೂ ವರ್ಷಕ್ಕೆ 9,600. ರಾಜ್ಯ ಕೊಡುವುದು ಅದರ ಮೇಲೆ. ಇದಕ್ಕಿಂತ ದೊಡ್ಡ ಪೆಟ್ಟು ಆಸ್ಪತ್ರೆಯದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ಮೀರುವ ಹಾಗಿಲ್ಲ. ಹೃದಯದ ಆಪರೇಷನ್ ಮಾಡಿಸಬೇಕಾದ ಅಪ್ಪ ಮನೆಯಲ್ಲಿದ್ದರೆ ಆ 5 ಸಾವಿರ ದುಡಿಯದಿದ್ದರೇ ಚೆನ್ನಾಗಿತ್ತು ಅನ್ನಿಸದೇ ಇರುತ್ತದಾ?

ಕೋಟಿ ದುಡಿಯುವವನಿಗೆ ಇಳಿಜಾರು, ಬಡವನಿಗೆ ಪ್ರಪಾತ. ಇದನ್ನು ಸರಿಮಾಡಲು ಗೆರೆಯನ್ನು ಎಲ್ಲಿಗೋ ಎತ್ತಿಡಬೇಕಿಲ್ಲ. ಅಕ್ಕಿಯನ್ನು ಒಂದು ವರ್ಷದಲ್ಲಿ, ಚಿಕಿತ್ಸೆಯನ್ನು ಮೂರು ವರ್ಷದಲ್ಲಿ, ಹಂತ ಹಂತವಾಗಿ ಕಡಿಮೆ ಮಾಡಬಹುದು. ಕಂಪ್ಯೂಟರ್ ಇರುವ ಕಾಲದಲ್ಲಿ ಇದೇನು ಕಷ್ಟದ ಲೆಕ್ಕವಲ್ಲ.

ಬೆಲೆ ಏರಿದ ಹಾಗೆ ಗೆರೆಯೂ ಏರಬೇಕು. ತೆರಿಗೆಯ ಗೆರೆ ಏರುತ್ತಲೇ ಇದೆ. ರಿಬೇಟ್ (ತೆರಿಗೆಯಲ್ಲಿ ಬಿಡುವ ರಿಯಾಯಿತಿ) ಸೇರಿಸಿ ನೋಡಿದರೆ 2019ರಲ್ಲಿ 5 ಲಕ್ಷ, 2023ರಲ್ಲಿ 7 ಲಕ್ಷ, 2025ರಲ್ಲಿ 12 ಲಕ್ಷ. ಹಿಂದುಳಿದ ವರ್ಗಗಳಲ್ಲೇ ಅನುಕೂಲಸ್ಥರನ್ನು ಮೀಸಲಾತಿಯಿಂದ ಹೊರಗಿಡುವ ಕೆನೆಪದರದ ಮಿತಿಯನ್ನು ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ 1993ರಲ್ಲೇ ಹೇಳಲಾಗಿತ್ತು. ಅದು 2017ರಲ್ಲಿ 8 ಲಕ್ಷಕ್ಕೆ ಬಂದು ನಿಂತಿದೆ. ರೇಷನ್ ಕಾರ್ಡಿನ 1.2 ಲಕ್ಷವಂತೂ ವರ್ಷಗಳಿಂದ ಅಲುಗಾಡಿಲ್ಲ.

ದೇಶದ ಬಡತನದ ರೇಖೆಯ ಜಗಳ ಹಳೆಯದು. 1979ರಲ್ಲಿ ಹಳ್ಳಿಗೆ 2,400, ಪೇಟೆಗೆ 2,100 ಕ್ಯಾಲೊರಿ ಅಂತ ಊಟದಲ್ಲಿ ಅಳೆದರು. 2011ರಲ್ಲಿ ಯೋಜನಾ ಆಯೋಗ ಪೇಟೆಯಲ್ಲಿ ದಿನಕ್ಕೆ 32 ರೂಪಾಯಿ ಅಂತ ಸುಪ್ರೀಂ ಕೋರ್ಟಿಗೆ ಹೇಳಿ ಎಲ್ಲರಿಂದ ಬೈಸಿಕೊಂಡಿತು. 2014ರಲ್ಲಿ ರಂಗರಾಜನ್ ಸಮಿತಿ ಅದನ್ನು 47ಕ್ಕೆ ತಂದಿತು. ಸಾಮಾನು ನೋಡಿ ಅಳೆಯುವ ಪ್ರಯತ್ನವೂ ಆಗಿದೆ. 2021ರಲ್ಲಿ ಆಗಿನ ಆಹಾರ ಸಚಿವ ಉಮೇಶ್ ಕತ್ತಿ, ಟಿವಿ, ಫ್ರಿಜ್, ಬೈಕ್ ಇರುವವರು ಬಿಪಿಎಲ್ ಕಾರ್ಡ್ ವಾಪಸ್ ಕೊಡಬೇಕು ಅಂದರು. ಊರೆಲ್ಲ ಗಲಾಟೆ ಎದ್ದ ಮೇಲೆ ಹಿಂದೆ ಸರಿದರು. ಕೆಲಸಕ್ಕೆ ಹೋಗಲು ಕಂತಿನಲ್ಲಿ ತಗೊಂಡ ಬೈಕು ಶ್ರೀಮಂತಿಕೆಯ ಗುರುತಾಗುವುದು ಹೇಗೆ?

ಇನ್ನು ಮೇಲಿನ ತುದಿ. ಶ್ರೀಮಂತ ಯಾರು ಅಂತ ಹೇಳುವ ಗೆರೆ ನಮ್ಮಲ್ಲಿ ಸರಿಯಾಗಿ ಇಲ್ಲವೇ ಇಲ್ಲ. ಮೊದಲು ಸಂಪತ್ತಿನ ತೆರಿಗೆ ಇತ್ತು, 30 ಲಕ್ಷ ಮೀರಿದ ಕೆಲವು ಬಗೆಯ ಆಸ್ತಿಗೆ ಶೇ 1. 2015ರ ಬಜೆಟ್‌ನಲ್ಲಿ ಅದನ್ನು ತೆಗೆದರು. ಹಾಗಾಗಿ ತೆರಿಗೆಯ ಕಣ್ಣಿಗೆ ಬೀಳುವುದು ಆಯಾ ವರ್ಷದ ಆದಾಯ ಮಾತ್ರ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಚನ್ನಗಿರಿ ಕಡೆ ಅಡಿಕೆ ತೋಟದಿಂದ ವರ್ಷಕ್ಕೆ 40 ಲಕ್ಷ ಬರುವವರು ಒಂದು ರೂಪಾಯಿ ಆದಾಯ ತೆರಿಗೆ ಕಟ್ಟದೆ ಇರಬಹುದು, ಕಾನೂನುಬದ್ಧವಾಗಿಯೇ. ಮಳೆ ನಂಬಿದ ಎರಡೆಕರೆ ಜೋಳದ ರೈತನನ್ನು ಕಾಪಾಡಲು ಇರುವ ವಿನಾಯಿತಿ ಇಬ್ಬರಿಗೂ ಸಿಗುತ್ತದೆ.

ನನ್ನ ಹತ್ತಿರ ಬರುವ ಎರಡು ಮನೆಗಳ ಆದಾಯ ಹೆಚ್ಚುಕಮ್ಮಿ ಒಂದೇ, ವರ್ಷಕ್ಕೆ 9 ಲಕ್ಷ. ಒಬ್ಬರು ಸಾಫ್ಟ್‌ವೇರ್ ಹುಡುಗ. ಬಾಡಿಗೆ ಮನೆ, ಓದಿನ ಸಾಲದ ಕಂತು, ಊರಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳ ದುಡ್ಡು. ಇನ್ನೊಬ್ಬರಿಗೆ ಅಜ್ಜನ ಕಾಲದ ಮನೆ, ಮುಖ್ಯ ರಸ್ತೆಯಲ್ಲಿ ಬಾಡಿಗೆಗೆ ಕೊಟ್ಟ ಮಳಿಗೆಗಳು. ಹುಡುಗನ ಕೆಲಸ ಹೋದರೆ ಎರಡನೇ ತಿಂಗಳಿಗೆ ಕ್ರೆಡಿಟ್ ಕಾರ್ಡ್ ತಿಕ್ಕಬೇಕು. ಮಳಿಗೆಯವರು ವರ್ಷವಿಡೀ ಹಾಸಿಗೆ ಹಿಡಿದರೂ ಬಾಡಿಗೆ ಬರುತ್ತಲೇ ಇರುತ್ತದೆ. ನನ್ನನ್ನು ಕೇಳಿದರೆ ಅಳೆಯಬೇಕಾಗಿದ್ದು ಇದನ್ನು: ದುಡಿಯುವ ಕೈ ನಿಂತರೆ ಮನೆ ಎಷ್ಟು ತಿಂಗಳು ನಡೆಯುತ್ತದೆ. ಸರ್ಕಾರಕ್ಕೆ ಇದನ್ನು ಅಳೆಯುವುದು ಕಷ್ಟ, ಒಪ್ಪುತ್ತೇನೆ. ನೀವು ನಿಮ್ಮ ಮನೆಯದನ್ನು ಒಂದು ಸಂಜೆ ಕೂತು ಲೆಕ್ಕ ಹಾಕಬಹುದು.

ಕೊನೆಗೆ, ಕಾರ್ಡ್ ಹೋಗುತ್ತಾ ಅಂತ ಕೇಳುವವರಿಗೆ. ರಿಟರ್ನ್ಸ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಆದರೆ ಕಂಪ್ಯೂಟರ್ ಪಟ್ಟಿಯಲ್ಲಿ ಎರಡೂ ಒಂದೇ ಆಗಿಬಿಡುವುದುಂಟು. ರಿಟರ್ನ್ಸ್ ಹಾಕಿದ ಮೇಲೆ ಬರುವ ಇಂಟಿಮೇಷನ್‌ನಲ್ಲಿ ತೆರಿಗೆ ಸೊನ್ನೆ ಅಂತ ಇರುತ್ತದೆ, ಅದರ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ತೆರಿಗೆದಾರರು ಅಂತ ಹೆಸರು ಬಿಟ್ಟಿದ್ದರೆ ಆ ಪ್ರಿಂಟ್ ಜೊತೆಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಬಾಯಿಮಾತಿನಲ್ಲಿ ಬಿಡಬೇಡಿ. ಆದಾಯ ನಿಜಕ್ಕೂ 1.2 ಲಕ್ಷ ದಾಟಿದ್ದರೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ. ಕಡಿಮೆ ತೋರಿಸಿ ಅಂತ ಹೇಳಲಾರೆ. ಅಕ್ಕಿಯ ದುಡ್ಡನ್ನು ಪಕ್ಕಕ್ಕಿಟ್ಟು ಮೊದಲು ಮನೆಮಂದಿಗೆಲ್ಲ ಸೇರಿ ಒಂದು ಆರೋಗ್ಯ ವಿಮೆ ಮಾಡಿಸಿ ಅಂತ ಮಾತ್ರ ಹೇಳುತ್ತೇನೆ.