ಹಳೆಯ ಅಲ್ಸರ್ ಆಪರೇಷನ್ ಮತ್ತು ಉಳಿದ ಜಠರದ ಕ್ಯಾನ್ಸರ್

ಎದೆಗೂಡಿನ ಕೆಳಗಿನಿಂದ ಹೊಕ್ಕುಳದವರೆಗೆ ಒಂದು ನೇರ ಗೆರೆ. ಎಪ್ಪತ್ತು ದಾಟಿದ ಕೆಲವು ಹಿರಿಯರ ಹೊಟ್ಟೆಯ ಮೇಲೆ ಈ ಗುರುತು ಇನ್ನೂ ಇದೆ. ಕೇಳಿದರೆ, "ಯಾವುದೋ ಕಾಲದಲ್ಲಿ ಅಲ್ಸರ್ ಆಪರೇಷನ್ ಆಗಿತ್ತು" ಅನ್ನುತ್ತಾರೆ. ಏನು ಕತ್ತರಿಸಿದರು, ಎಷ್ಟು ಉಳಿಸಿದರು ಅನ್ನುವ ಚೀಟಿ ಮನೆಯಲ್ಲಿ ಸಿಗುವುದೇ ಅಪರೂಪ.

1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್ರೋತ್ ಎಂಬ ಸರ್ಜನ್, 43 ವರ್ಷದ ತೆರೇಸೆ ಹೆಲ್ಲರ್ ಅವರ ಜಠರದ ಕೆಳಭಾಗವನ್ನು ಕ್ಯಾನ್ಸರ್ ಗಡ್ಡೆಯ ಸಮೇತ ತೆಗೆದರು. ಅದಕ್ಕೆ ಮೊದಲು ಈ ಆಪರೇಷನ್ ಮಾಡಿಸಿಕೊಂಡವರು ಉಳಿದಿರಲಿಲ್ಲ. ಆಕೆ ಚೇತರಿಸಿಕೊಂಡರು. ಆದರೆ ಸುಮಾರು ನಾಲ್ಕು ತಿಂಗಳಲ್ಲಿ ಅದೇ ಕ್ಯಾನ್ಸರ್ ಹರಡಿ ತೀರಿಕೊಂಡರು. 1885ರಲ್ಲಿ ಬಿಲ್ರೋತ್ ಇನ್ನೊಂದು ದಾರಿ ಹಿಡಿದರು: ಉಳಿದ ಜಠರವನ್ನು ಸಣ್ಣ ಕರುಳಿನ ಮಗ್ಗುಲಿಗೆ ಹೊಲಿಯುವುದು. ಅದೇ ಬಿಲ್ರೋತ್-2.

ಮುಂದೆ ಈ ಆಪರೇಷನ್ ಜಾಸ್ತಿ ನಡೆದದ್ದು ಅಲ್ಸರ್‌ಗೆ. ಆಸಿಡ್ ಕಡಿಮೆ ಮಾಡಲು ಆಗ ಒಳ್ಳೆಯ ಮಾತ್ರೆ ಇರಲಿಲ್ಲ. ಅಲ್ಸರ್ ವಾಸಿಯಾಯಿತು, ಜನ ಊಟ ಮಾಡಿಕೊಂಡು ನೆಮ್ಮದಿಯಾಗಿದ್ದರು. 1922ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡೊನಾಲ್ಡ್ ಬಾಲ್ಫೋರ್, ಅಲ್ಸರ್‌ಗೆಂದು ಕತ್ತರಿಸಿ ಉಳಿಸಿದ ಜಠರದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದದ್ದನ್ನು ವರದಿ ಮಾಡಿದರು.

ಯಾಕೆ ಹೀಗೆ? ಜಠರದ ತುದಿಯಲ್ಲಿ ಪೈಲೋರಸ್ ಎಂಬ ಬಾಗಿಲಿದೆ. ಊಟ ಕೆಳಗೆ ಇಳಿಯುತ್ತದೆ, ಪಿತ್ತರಸ ಮೇಲಕ್ಕೆ ನುಗ್ಗದ ಹಾಗೆ ಅದು ತಡೆಯುತ್ತದೆ. ಕತ್ತರಿಸಿದಾಗ ಆ ಬಾಗಿಲೇ ಹೋಗುತ್ತದೆ. ಎಂಡೋಸ್ಕೋಪಿಯಲ್ಲಿ ನೋಡಿದರೆ ಹಸಿರು-ಹಳದಿ ಪಿತ್ತರಸ ಮಡುಗಟ್ಟಿರುತ್ತದೆ, ಹೊಲಿಗೆಯ ಸುತ್ತ ಒಳಪೊರೆ ಕೆಂಪಗೆ ಊದಿರುತ್ತದೆ. ಇದು ಒಂದೆರಡು ದಿನದ ಉರಿ ಅಲ್ಲ, ವರ್ಷಗಟ್ಟಲೆ ನಡೆಯುವಂಥದ್ದು. ಆಸಿಡ್ ಕಡಿಮೆಯಾದಾಗ ಬ್ಯಾಕ್ಟೀರಿಯಾಗಳೂ ಬೀಡುಬಿಡುತ್ತವೆ. ಬಿಲ್ರೋತ್-2 ಆದವರಲ್ಲಿ ಪಿತ್ತದ ಕಾಟ ಜಾಸ್ತಿ.

ಅಪಾಯ ಮೊದಲ ಹದಿನೈದು ವರ್ಷ ಹೆಚ್ಚಾಗಿ ಕಾಣುವುದಿಲ್ಲ. ಆಮೇಲೆ ನಿಧಾನವಾಗಿ ಏರುತ್ತದೆ. ಆಪರೇಷನ್ ಆದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲ, ಹಾಗಾಗಿ ಸುಮ್ನೆ ಗಾಬರಿಯಾಗಬೇಡಿ. ಆದರೆ ಇಪ್ಪತ್ತು ವರ್ಷ ಆಯಿತು, ಇನ್ನೇನು ಅಂತ ನಿರಾಳವಾಗುವುದೂ ಸರಿಯಲ್ಲ.

ದಕ್ಷಿಣ ಭಾರತದಲ್ಲಿ ಅಲ್ಸರ್ ಹಾವಳಿ ದೊಡ್ಡದಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1950-60ರ ದಶಕದಲ್ಲಿ ಸರ್ಜನ್ ಆಗಿದ್ದ ಫ್ರಾಂಕ್ ಟೋವಿ, ಇಲ್ಲಿನ ಅಲ್ಸರ್‌ಗೂ ಊಟಕ್ಕೂ ಇರುವ ನಂಟನ್ನು ಮುಂದೆ ವರ್ಷಗಟ್ಟಲೆ ಹುಡುಕಿದರು. ನಮ್ಮ ಕಡೆ ಹಲವರಿಗೆ ಜಠರ ತೆಗೆಯದೆ, ಆಸಿಡ್ ಸುರಿಸಲು ಹೇಳುವ ನರ ಕತ್ತರಿಸಿ, ಜಠರವನ್ನು ಸಣ್ಣ ಕರುಳಿಗೆ ಜೋಡಿಸಿದ ಆಪರೇಷನ್ ಆಗಿದೆ. ಅಲ್ಲೂ ಪಿತ್ತರಸ ಮೇಲೆ ಬರುತ್ತದೆ.

1970ರ ದಶಕದಲ್ಲಿ ಆಸಿಡ್ ಕಡಿಮೆ ಮಾಡುವ ಸಿಮೆಟಿಡಿನ್ ಎಂಬ ಮಾತ್ರೆ ಬಂತು. 1982ರಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅಲ್ಸರ್‌ಗೆ ಮುಖ್ಯ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು, 2005ರಲ್ಲಿ ನೊಬೆಲ್ ಪಡೆದರು. ಅಲ್ಸರ್‌ಗೆ ಕತ್ತಿ ಹಿಡಿಯುವುದು ಬಹುಪಾಲು ನಿಂತಿತು. ಈಗ ಜಪಾನ್, ಕೊರಿಯಾಗಳಲ್ಲಿ ಬೇರೆ ಚಿಂತೆ: ಜಠರದ ಕ್ಯಾನ್ಸರ್ ಬೇಗ ಪತ್ತೆಯಾಗಿ, ಆಪರೇಷನ್ ಆಗಿ ಬದುಕಿದವರ ಉಳಿದ ಜಠರದಲ್ಲಿ ಇನ್ನೊಂದು ಕ್ಯಾನ್ಸರ್. ಇವರಲ್ಲಿ ಅದು ಇನ್ನೂ ಬೇಗ ಬರುತ್ತದೆ, ಉಳಿದ ಪೊರೆಯೂ ಮೊದಲೇ ಕೆಟ್ಟಿರುತ್ತದಲ್ವಾ? ಅದಕ್ಕೇ ಅವರಿಗೆ ಕಾಲಕಾಲಕ್ಕೆ ಎಂಡೋಸ್ಕೋಪಿ ಮಾಡುತ್ತಾರೆ.

ನನ್ನ ಕಳವಳ ನಮ್ಮ ಆ ಹಿರಿಯರದ್ದು. ಸುಸ್ತು, ರಕ್ತ ಕಡಿಮೆ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ತೂಕ ಇಳಿಯುವುದು, ಎಲ್ಲವನ್ನೂ "ಗ್ಯಾಸ್ಟ್ರಿಕ್" ಅಂತ ಮಾತ್ರೆ ನುಂಗಿ ತಳ್ಳುತ್ತಾರೆ. ಅರ್ಧ ಜಠರ ಇದ್ದವರಿಗೆ ಕಬ್ಬಿಣ, ಬಿ-12 ಕೊರತೆ ಮಾಮೂಲು, ಹಾಗಾಗಿ ಸುಸ್ತಿನ ಹಿಂದೆ ಬೇರೇನಿದೆ ಅಂತ ಯಾರೂ ಕೆದಕುವುದಿಲ್ಲ. ಎಂಡೋಸ್ಕೋಪಿಗೆ ಹೋದಾಗ ಹಳೆಯ ಆಪರೇಷನ್ ಬಗ್ಗೆ ಮೊದಲೇ ಹೇಳಿ. ಆಗ ಡಾಕ್ಟರ್ ಹೊಲಿಗೆಯ ಗೆರೆಯನ್ನು ಸುತ್ತಲೂ ನೋಡುತ್ತಾರೆ, ಅನುಮಾನ ಬಂದ ಕಡೆ ಒಂದು ಚೂರು ಪೊರೆ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.